ಬೋರ್ಡಿಲ್ಲದ ಓವನ್ ರಿಪೇರಿ ಅಂಗಡಿ, ಹುಬ್ಬಳ್ಳಿ ಕೊಪ್ಪಿಕರ ರೋಡಿನ ಒಳಗಲ್ಲಿ: ನಾಲ್ಕು ಸ್ಟಾರ್, ಐದಲ್ಲ

ಅಂಗಡಿಗೆ ಬೋರ್ಡ್ ಇಲ್ಲ, ಬಿಲ್ ಪುಸ್ತಕ ಇಲ್ಲ. ಕೂತುಕೊಳ್ಳೋಕೆ ಒಂದೇ ಸ್ಟೂಲು, ಅದರ ಮೇಲೂ ಯಾರದ್ದೋ ಮಿಕ್ಸರ್ ಕೂತಿತ್ತು. ಆದರೂ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಹೇಳೋದು ಸ್ವಲ್ಪ ಉದ್ದ ಆಗುತ್ತದೆ. ಪುರುಸೊತ್ತು ಇಲ್ಲದವರು ಸೀದಾ ಕೆಳಗೆ ಹೋಗಿ, ರೇಟು, ಟೈಮು, ನನ್ನ ತಕರಾರು ಎಲ್ಲ ಅಲ್ಲಿದೆ.

ನಮ್ಮದು 20 ಲೀಟರಿನ ಸಾದಾ ಮೈಕ್ರೋವೇವ್ ಓವನ್. ಗ್ರಿಲ್ಲೂ ಇಲ್ಲ ಗಿಲ್ಲೂ ಇಲ್ಲ. ಎಂಟು ವರ್ಷ ಹಳೇದು, 800 ವ್ಯಾಟ್ ಅಂತ ಹಿಂದೆ ಚೀಟಿ ಅಂಟಿಸಿದ್ದಾರೆ. ಹಾಲು ಬಿಸಿ ಮಾಡೋದು, ಶೇಂಗಾ ಹುರಿಯೋದು, ನಿನ್ನೆಯ ಪುಂಡಿಪಲ್ಯಕ್ಕೆ ಮತ್ತೆ ಜೀವ ಕೊಡೋದು, ಇಷ್ಟೇ ಅದರ ಕೆಲಸ. ಹೋದ ವರ್ಷ ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿ ವಿದ್ಯಾನಗರಕ್ಕೆ ಮನೆ ಬದಲಿಸಿದೆವು. ಸಾಮಾನೆಲ್ಲ ಟೆಂಪೋದಲ್ಲಿ ಬಂತು. ಓವನ್ನನ್ನು ಗಾದಿಯ ಮೇಲೆ ಇಡಿ ಅಂತ ನಾನು ಹೇಳಿದ್ದೆ, ಇಳಿಸುವಾಗ ನೋಡಿದರೆ ಅದು ಬೀಸೋಕಲ್ಲಿನ ಪಕ್ಕದಲ್ಲಿತ್ತು. ಆವತ್ತಿನಿಂದ ಶುರುವಾಯಿತು. ದೀಪ ಹತ್ತುತ್ತದೆ, ತಟ್ಟೆ ತಿರುಗುತ್ತದೆ, ಫ್ಯಾನ್ ಓಡುತ್ತದೆ, ಆದರೆ ಒಂದೂವರೆ ನಿಮಿಷಕ್ಕೆ ಬಿಸಿಯಾಗುತ್ತಿದ್ದ ಒಂದು ಲೋಟ ಹಾಲಿಗೆ ನಾಲ್ಕು ನಿಮಿಷ. ಸದ್ದೂ ಬದಲಾಗಿತ್ತು. ಮೊದಲು ಸಣ್ಣಗೆ ಗುಂಯ್ ಅನ್ನುತ್ತಿದ್ದದ್ದು ಈಗ ಹಿಟ್ಟಿನ ಗಿರಣಿ ಹಾಗೆ.

ಕಂಪನಿ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಯಾವ ಕಂಪನಿ ಅಂತ ಕೇಳಬೇಡಿ. ಹುಡುಗ ಬಂದ, ಮಲ್ಟಿಮೀಟರ್ ಇಟ್ಟ, ಎರಡು ಕಡೆ ಮುಟ್ಟಿಸಿದ, "ಮ್ಯಾಗ್ನೆಟ್ರಾನ್ ಸರಿ ಐತ್ರಿ ಮೇಡಂ, ಬೋರ್ಡ್ ಹೋಗೇತಿ" ಅಂದ. ಮ್ಯಾಗ್ನೆಟ್ರಾನ್ ಅಂದರೆ ಓವನ್ನಿನೊಳಗೆ ಮೈಕ್ರೋವೇವ್ ಹುಟ್ಟಿಸುವ ಭಾಗ, ಬೋರ್ಡ್ ಅಂದರೆ ಒಳಗಿನ ಕಂಟ್ರೋಲ್ ಸರ್ಕ್ಯೂಟ್. ಬೋರ್ಡ್ ಬದಲಿಸೋಕೆ 4,200 ರೂಪಾಯಿ ಆಗುತ್ತದಂತೆ. ನೋಡಿ ಹೋಗಿದ್ದಕ್ಕೇ 450. ಇನ್ನೊಂದೆರಡು ಸಾವಿರ ಹಾಕಿದರೆ ಹೊಸದೇ ಬರುತ್ತದಲ್ಲ ಅಂತ ನಮ್ಮ ಮನೆಯವರು. ನನಗೆ ಮಾತ್ರ ತಲೆಯೊಳಗೆ ಹುಳ. ಬೋರ್ಡ್ ಹೋದರೆ ಪೂರ್ತಿ ನಿಲ್ಲಬೇಕಿತ್ತು, ಅರ್ಧಂಬರ್ಧ ಯಾಕೆ ಬಿಸಿಯಾಗುತ್ತದೆ? ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವಳು, ಇಂಥ ಪ್ರಶ್ನೆ ಬಂದರೆ ರಾತ್ರಿ ನಿದ್ದೆ ಬರಲ್ಲ.

ಹಾಗಾಗಿ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ನೀವೂ ಮಾಡಬಹುದು, ಏನೂ ಬಿಚ್ಚಬೇಕಾಗಿಲ್ಲ. ಸರಿಯಾಗಿ ಒಂದು ಲೀಟರ್ ನೀರು ತಗೊಳ್ಳಿ, ಎಷ್ಟು ಡಿಗ್ರಿ ಇದೆ ನೋಡಿ, ಫುಲ್ ಪವರಿನಲ್ಲಿ ಒಂದೇ ಒಂದು ನಿಮಿಷ ಇಡಿ, ತೆಗೆದು ಚೆನ್ನಾಗಿ ಕಲಕಿ ಮತ್ತೆ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನು 70ರಿಂದ ಗುಣಿಸಿ. ಅದೇ ನಿಮ್ಮ ಓವನ್ ನೀರಿಗೆ ಕೊಡುತ್ತಿರುವ ವ್ಯಾಟ್. (ಒಂದು ಲೀಟರ್ ನೀರು ಒಂದು ಡಿಗ್ರಿ ಏರೋಕೆ ಸುಮಾರು 4,186 ಜೂಲ್ ಬೇಕು, 60 ಸೆಕೆಂಡಿನಿಂದ ಭಾಗಿಸಿದರೆ ಹತ್ತಿರ ಹತ್ತಿರ 70.) ನಮ್ಮದು 27ರಿಂದ 31ಕ್ಕೆ ಹೋಯಿತು. ನಾಲ್ಕೇ ಡಿಗ್ರಿ. ಅಂದರೆ 280 ವ್ಯಾಟ್. 800 ಅಂತ ಬರೆದುಕೊಂಡು 280 ಕೊಡುತ್ತಿದೆ!

ಆಮೇಲೆ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಈ ಅಂಗಡಿ ಹೇಳಿದರು. ಕೊಪ್ಪಿಕರ ರೋಡಿನಿಂದ ಒಳಗೆ ಹೋಗುವ ಒಂದು ಗಲ್ಲಿ, ಗಾಡಿ ಹೋಗಲ್ಲ, ಓವನ್ ಹೊತ್ತುಕೊಂಡೇ ನಡೆಯಬೇಕು. ನನ್ನ ತಮ್ಮ ಜೊತೆಗಿದ್ದ, ಅವನೇ ಹೊತ್ತ. ದಾರಿಯುದ್ದಕ್ಕೂ ಬೈದುಕೊಂಡೇ ಬಂದ ಅನ್ನೋದು ಬೇರೆ ಮಾತು.

ಅಂಗಡಿ ಅಂದರೆ ಆರಡಿ ಅಗಲ. ಗೋಡೆಗೆ ಸತ್ತ ಓವನ್ನುಗಳ ಸಾಲು, ಬಾಗಿಲು ತೆಗೆದುಕೊಂಡು ಬಾಯಿ ಬಿಟ್ಟು ಕೂತ ಹಾಗೆ. ಅರವತ್ತು ದಾಟಿದ ಒಬ್ಬ ಕಾಕಾ, ಒಬ್ಬ ಹುಡುಗ. ನಾನು ಬೋರ್ಡಿನ ಕಥೆ, ನೀರಿನ ಕಥೆ ಎಲ್ಲ ಹೇಳಿದೆ. ಕಾಕಾ ಕೇಳಿಸಿಕೊಂಡು, "ನಾಕ ಡಿಗ್ರಿ ಅಂದ್ರೇನ್ರಿ ಅಕ್ಕಾರ? ಹಂಗಾದ್ರ ಬೋರ್ಡ್ ಬಿಡ್ರಿ, ಕಲ್ಲು ನೋಡೂಣು" ಅಂದರು. ಕಲ್ಲು ಅಂದರೆ ಏನು ಅಂತ ನನಗೆ ಆಗ ಗೊತ್ತಾಗಲಿಲ್ಲ.

ಕವರ್ ಬಿಚ್ಚಿದ ಮೇಲೆ ಅವರು ಮಾಡಿದ ಮೊದಲ ಕೆಲಸ ನೋಡಿಯೇ ನನಗೆ ಅರ್ಧ ನಂಬಿಕೆ ಬಂತು. ಎಡಗೈ ಕಿಸೆಯೊಳಗೆ ಹಾಕಿಕೊಂಡರು. ಬಲಗೈಯಲ್ಲಿ, ಹಿಡಿಕೆಗೆ ದಪ್ಪ ರಬ್ಬರ್ ಸುತ್ತಿದ ಒಂದು ಸ್ಕ್ರೂಡ್ರೈವರ್, ಅದಕ್ಕೆ ರೆಸಿಸ್ಟರ್ ಬೆಸೆದ ಒಂದು ವೈರ್, ವೈರಿನ ತುದಿಯ ಕ್ಲಿಪ್ ಓವನ್ನಿನ ತಗಡಿಗೆ. ಕೆಪಾಸಿಟರ್ ಅಂದರೆ ಚಾರ್ಜ್ ಕೂಡಿಟ್ಟುಕೊಳ್ಳುವ ಡಬ್ಬಿ, ಉಳಿದ ಚಾರ್ಜ್ ಇಳಿಸೋಕೆ ಅದರ ಎರಡೂ ಕಾಲಿಗೆ ಒಂದೊಂದಾಗಿ ಮುಟ್ಟಿಸಿ, ಸ್ವಲ್ಪ ಹೊತ್ತು ಕಾದು, ಮತ್ತೊಮ್ಮೆ ಮುಟ್ಟಿಸಿದರು. ಒಂದು ಕೈ ಕಿಸೆಯಲ್ಲಿದ್ದರೆ ಕರೆಂಟು ಈ ಕೈಯಿಂದ ಆ ಕೈಗೆ ಎದೆ ದಾಟಿ ಹೋಗೋಕೆ ದಾರಿ ಇರಲ್ಲ. ಪ್ಲಗ್ ತೆಗೆದಿದ್ದರೂ ಆ ಡಬ್ಬಿಯಲ್ಲಿ 2,000 ವೋಲ್ಟಿನ ಮೇಲೆ ಕೂತಿರಬಹುದು. ದಯವಿಟ್ಟು ಯಾರೂ ವೀಡಿಯೋ ನೋಡಿ ಮನೆಯಲ್ಲಿ ಓವನ್ ಬಿಚ್ಚೋಕೆ ಹೋಗಬೇಡಿ. ಟಿವಿ ರಿಪೇರಿ, ಫ್ಯಾನ್ ರಿಪೇರಿ ಮಾಡಿದ ಅನುಭವ ಇಲ್ಲಿ ಉಪಯೋಗಕ್ಕೆ ಬರಲ್ಲ.

ಮ್ಯಾಗ್ನೆಟ್ರಾನ್ ಹೊರಗೆ ಬಂತು. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಕಬ್ಬಿಣದ ಚೌಕಟ್ಟು, ಅದರೊಳಗೆ ಅಲ್ಯುಮಿನಿಯಂ ರೆಕ್ಕೆಗಳು, ನಡುವೆ ತಾಮ್ರದ ಕೊಳವೆ, ಮೇಲೊಂದು ಕೆಳಗೊಂದು ಕಪ್ಪು ಉಂಗುರ, ಒಂದೊಂದೂ ದಪ್ಪ ಕೋಡಬಳೆಯಷ್ಟು. ಆ ಉಂಗುರಗಳೇ ಫೆರೈಟ್ ಮ್ಯಾಗ್ನೆಟ್. ಕಾಕಾನ ಕಲ್ಲು ಅಂದರೆ ಅದು. ಹೆಸರು ಸರಿಯಾಗೇ ಇದೆ ಅನ್ನಿ, ಯಾಕೆಂದರೆ ಅದು ಲೋಹ ಅಲ್ಲ, ಕಬ್ಬಿಣದ ಆಕ್ಸೈಡಿಗೆ ಸ್ಟ್ರಾನ್ಶಿಯಮ್ಮೋ ಬೇರಿಯಮ್ಮೋ ಸೇರಿಸಿ ಭಟ್ಟಿಯಲ್ಲಿ ಸುಟ್ಟದ್ದು. ಪಿಂಗಾಣಿ ಕಪ್ಪಿನ ಜಾತಿ. ಪಿಂಗಾಣಿಯ ಹಾಗೇ ಒಡೆಯುತ್ತದೆ ಕೂಡ.

ಕಾಕಾ ಮಲ್ಟಿಮೀಟರ್ ಹಚ್ಚಿದರು. ಫಿಲಮೆಂಟ್, ಅಂದರೆ ಒಳಗೆ ಕಾಯುವ ತಂತಿ, ಒಂದು ಓಮಿಗಿಂತ ಕಡಿಮೆ, ಬಾಡಿಗೆ ಶಾರ್ಟ್ ಇಲ್ಲ. ಆ ಸರ್ವಿಸ್ ಹುಡುಗ ಹೇಳಿದ್ದು ಸುಳ್ಳಲ್ಲ, ಮೀಟರ್ ಲೆಕ್ಕದಲ್ಲಿ ಎಲ್ಲ ಸರಿ. ಆಮೇಲೆ ಒಂದು ಸಣ್ಣ ಪಾನಾ ತಗೊಂಡು ಕೆಳಗಿನ ಉಂಗುರದ ಹತ್ತಿರ ತಂದರು, ಟಕ್ ಅಂತ ಕಚ್ಚಿಕೊಂಡಿತು, ಬಿಡಿಸೋಕೆ ಎಳೆಯಬೇಕಾಯಿತು. ಮೇಲಿನದಕ್ಕೆ ತಂದರು, ಹಿಡಿಯಿತು, ಆದರೆ ಮನಸ್ಸಿಲ್ಲದವರು ಕೈ ಕುಲುಕಿದ ಹಾಗೆ. ಟಾರ್ಚ್ ಬಿಟ್ಟು ಉಗುರಿನಿಂದ ಅಂಚು ಸವರುತ್ತಾ ಹೋದರು. "ಕೈ ಕೊಡ್ರಿ ಇಲ್ಲೆ." ನಾನೂ ಸವರಿದೆ. ಕೂದಲೆಳೆಯಷ್ಟು ಸೀಳು ಉಗುರಿಗೆ ಸಿಕ್ಕಿತು. ಆ ಕಡೆ ಇನ್ನೊಂದು. ನಡುವಿನ ಚೂರು ಒಂಚೂರು ಹೊರಗೆ ಜಾರಿತ್ತು. ಬೀಸೋಕಲ್ಲಿನ ಪಕ್ಕದ ಪ್ರಯಾಣದ ಫಲ.

ನಾನು ವರ್ಷಾನುಗಟ್ಟಲೆ ಕ್ಲಾಸಿನ ಕರಿಹಲಗೆಯ ಮೇಲೆ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಬಾಗುವ ಚಿತ್ರ ಬರೆದವಳು. ಅದು ಕೆಟ್ಟರೆ ಹಾಲು ಬಿಸಿಯಾಗಲ್ಲ ಅಂತ ಆವತ್ತೇ ಕಣ್ಣಿಗೆ ಕಂಡದ್ದು. ಮ್ಯಾಗ್ನೆಟ್ರಾನಿನೊಳಗೆ ನಡುವೆ ಕಾದ ಫಿಲಮೆಂಟ್, ಸುತ್ತ ತಾಮ್ರದ ಗೋಡೆ, ಗೋಡೆಯಲ್ಲಿ ಸಣ್ಣ ಸಣ್ಣ ಕೋಣೆಗಳು. ಸುಮಾರು 4,000 ವೋಲ್ಟಿನ ಒತ್ತಡಕ್ಕೆ ಎಲೆಕ್ಟ್ರಾನುಗಳು ಸೀದಾ ಗೋಡೆಗೆ ಓಡಬೇಕು ಅನ್ನುತ್ತವೆ, ಮ್ಯಾಗ್ನೆಟ್ ಬಿಡಲ್ಲ, ಬಾಗಿಸುತ್ತದೆ, ಅವು ಗಾಣದ ಎತ್ತಿನ ಹಾಗೆ ಸುತ್ತು ಹಾಕುತ್ತಾ ಕೋಣೆಗಳ ಬಾಯಿ ಮುಂದೆ ಹಾದು ಹೋಗುತ್ತವೆ. ಹಾಗೆ ಹಾಯುವಾಗ ಕೋಣೆಗಳು ಮೊಳಗುತ್ತವೆ, ಸೆಕೆಂಡಿಗೆ 245 ಕೋಟಿ ಸಲ. ಅದೇ ಮೈಕ್ರೋವೇವ್. ಮ್ಯಾಗ್ನೆಟ್ ಸೊರಗಿದರೆ ಎತ್ತಿನ ಹಗ್ಗ ಸಡಿಲ ಆದ ಹಾಗೆ. ಎತ್ತು ಸೀದಾ ಮೇವಿನ ಕಡೆ. ಎಲೆಕ್ಟ್ರಾನುಗಳು ಗೋಡೆಗೆ ಬಡಿದು ಮ್ಯಾಗ್ನೆಟ್ರಾನನ್ನೇ ಕಾಯಿಸುತ್ತವೆ, ಹಾಲನ್ನಲ್ಲ. ಕರೆಂಟು ಮಾತ್ರ ಜಾಸ್ತಿ ಎಳೆಯುತ್ತದೆ. ಗಿರಣಿ ಸದ್ದು ಅದಕ್ಕೇ. ಫ್ಯೂಸ್ ಹಾರದೆ ಇದ್ದದ್ದೇ ಪುಣ್ಯ.

ಕಾಕಾ ಎರಡು ದಾರಿ ಹೇಳಿದರು. ಹೊಸ ಮ್ಯಾಗ್ನೆಟ್ರಾನ್ 1,300, ಹಾಕಿಕೊಡೋದು 350. ಇಲ್ಲಾಂದರೆ ಫಿಲಮೆಂಟ್ ಸತ್ತ ಹಳೇ ಮ್ಯಾಗ್ನೆಟ್ರಾನಿನ ಕಲ್ಲು ತೆಗೆದು ನಮ್ಮದಕ್ಕೆ ಹಾಕೋದು, ಬರೀ 350. "ನೂರಕ್ಕ ನೂರು ಗ್ಯಾರಂಟಿ ಕೊಡಂಗಿಲ್ರಿ. ನಡದ್ರ ನಾಕೈದ ವರ್ಷ ನಡೀತು, ಇಲ್ಲಾಂದ್ರ ಬರ್ರಿ, ಹೊಸಾದು ಹಾಕೂಣು, ಆಗ ಕೈಕೂಲಿ ಬ್ಯಾಡ." ಈ ಮಾತು ಕೇಳಿದ ಮೇಲೆ ಎರಡನೇದನ್ನೇ ಆರಿಸಿಕೊಂಡೆ.

ಮೂಲೆಯಲ್ಲಿದ್ದ ರಟ್ಟಿನ ಡಬ್ಬಿಯಲ್ಲಿ ಸತ್ತ ಮ್ಯಾಗ್ನೆಟ್ರಾನುಗಳ ಗುಡ್ಡೆ. ಅಳತೆ ಕೂಡುವ ಒಂದನ್ನು ಹುಡುಕಿ, ಚೌಕಟ್ಟಿನ ಮಡಿಕೆ ಎತ್ತಿ, ಕಪ್ಪು ಉಂಗುರ ಹೊರಗೆ ತೆಗೆದರು. ನಮ್ಮದನ್ನೂ ಹಾಗೇ ಬಿಚ್ಚಿದರು. ಬಿಚ್ಚಿದ್ದೇ ತಡ, ನಮ್ಮ ಒಡೆದ ಉಂಗುರ ಎರಡು ಹೋಳಾಗಿ ಟೇಬಲ್ ಮೇಲೆ ಬಿತ್ತು. ನಾನು ಅವುಗಳನ್ನು ಒಂದಕ್ಕೊಂದು ಜೋಡಿಸಿ ಇಡೋಕೆ ಹೋದೆ. ಕೂಡಲ್ಲ! ಒಡೆದ ಜಾಗದಲ್ಲಿ ಸೇರಿಸಿದರೆ ತಳ್ಳಿಕೊಳ್ಳುತ್ತವೆ. ಎರಡು ಹೋಳಿಗೂ ಮೇಲಿನ ಮೈ ಒಂದೇ ಧ್ರುವ, ಕೆಳಗಿನ ಮೈ ಇನ್ನೊಂದೇ ಧ್ರುವ, ಪಕ್ಕಪಕ್ಕ ಕೂತರೆ ಜಗಳ. ಚೌಕಟ್ಟು ಗಟ್ಟಿ ಹಿಡಿದಿದ್ದರಿಂದ ಇಷ್ಟು ದಿನ ಒಟ್ಟಿಗಿದ್ದವು ಅಷ್ಟೆ. ಆ ಹೋಳುಗಳನ್ನು ಕಾಕಾ ನನಗೇ ಕೊಟ್ಟರು. ಈಗ ಕ್ಲಾಸಿನಲ್ಲಿ ತೋರಿಸುತ್ತೇನೆ, ಮಕ್ಕಳು ಕೈಯಿಂದ ಕೈಗೆ ಕೊಟ್ಟು ಜೋಡಿಸೋಕೆ ಹೆಣಗಾಡುತ್ತಾರೆ.

ಹೊಸದಾಗಿ ಹಾಕುವ ಉಂಗುರಕ್ಕೂ ಮೇಲು ಕೆಳಗು ಇದೆ. ತಿರುವಿ ಹಾಕಿದರೆ ಎಲ್ಲ ದಂಡ. ಕಾಕಾ ಅದನ್ನು ಕೆಳಗಿನ ಉಂಗುರದ ಮೇಲೆ ಹಿಡಿದು ಇಳಿಸಿದರು, ಒಂದು ಮೈಯಲ್ಲಿ ಅದು ಬೆಣ್ಣೆ ಮೇಲಿನ ಚಮಚದ ಹಾಗೆ ಪಕ್ಕಕ್ಕೆ ಜಾರಿತು, ತಿರುವಿದರು, ಕೈಯಿಂದಲೇ ಕಿತ್ತುಕೊಂಡು ಹೋಗುವಷ್ಟು ಎಳೆಯಿತು. "ಇದ ಸರಿ." ಬೆರಳು ಸಿಕ್ಕಿದ್ದರೆ ಉಗುರು ಕಪ್ಪಾಗುತ್ತಿತ್ತು. ಮೇಲೆ ತಂತಿ ಜಾಲರಿಯ ಸಣ್ಣ ಉಂಗುರ ಒಂದಿರುತ್ತದೆ, ಮೈಕ್ರೋವೇವ್ ಸಂದಿಯಿಂದ ಸೋರದ ಹಾಗೆ. ಅದನ್ನು ಮರೆಯದೆ ಕೂರಿಸಿದರು, ಅದನ್ನು ನಾನು ಬೇಕಂತಲೇ ಗಮನಿಸಿದೆ.

ಈ ನಡುವೆ ಚಹಾ ಬಂತು, ನನ್ನ ತಮ್ಮನ ಬಾಯಿ ಶುರುವಾಯಿತು. ಅವನು ಎಂ.ಟೆಕ್. ಓದುತ್ತಿದ್ದಾನೆ, ಅವನ ಸೆಮಿನಾರಿನ ವಿಷಯವೇ ಫೆರೈಟಿನಿಂದ ಭಾರೀ ಶಕ್ತಿಯ ಮೈಕ್ರೋವೇವ್ ಹುಟ್ಟಿಸೋದು. ಅದರಲ್ಲಿ ಮ್ಯಾಗ್ನೆಟ್ರಾನ್ ಇಲ್ಲ, ನಿರ್ವಾತದ ಕೊಳವೆ ಇಲ್ಲ, ಫಿಲಮೆಂಟ್ ಇಲ್ಲ. ಒಂದು ದಪ್ಪ ಕೇಬಲ್ ಅಂತ ಇಟ್ಟುಕೊಳ್ಳಿ, ಒಳಗಿನ ತಂತಿಗೆ ಫೆರೈಟ್ ಉಂಗುರಗಳನ್ನು ಜಪಮಾಲೆ ಹಾಗೆ ಪೋಣಿಸಿರುತ್ತಾರೆ, ಹೊರಗಡೆ ಕಾಯಿಲ್ ಸುತ್ತಿ ಉದ್ದಕ್ಕೂ ಒಂದು ಕಾಂತಕ್ಷೇತ್ರ ಕೊಟ್ಟಿರುತ್ತಾರೆ. ಒಂದು ತುದಿಯಿಂದ ಹತ್ತಾರು ಸಾವಿರ ವೋಲ್ಟಿನ ಹೊಡೆತ, ಕೆಲವೇ ನ್ಯಾನೋಸೆಕೆಂಡಿನದು. ವೋಲ್ಟೇಜ್ ಜಾಸ್ತಿ ಇರುವ ಹಿಂದಿನ ಭಾಗ ಬರುವಷ್ಟರಲ್ಲಿ ಫೆರೈಟ್ ಇನ್ನಷ್ಟು ಕಾಂತತೆ ಹಿಡಿಯಲಾರದಷ್ಟು ತುಂಬಿ ಹೋಗಿರುತ್ತದೆ, ಹಾಗಾಗಿ ಅದು ಮುಂದಿನದಕ್ಕಿಂತ ಜೋರಾಗಿ ಓಡುತ್ತದೆ. ಸಿದ್ಧಾರೂಢ ಮಠದ ಜಾತ್ರೆಯಲ್ಲಿ ತೇರು ಎಳೆಯುವಾಗ ಹಿಂದಿನವರು ಮುಂದಿನವರ ಬೆನ್ನಿಗೆ ಬಂದು ಒತ್ತಿಕೊಳ್ಳುತ್ತಾರಲ್ಲ, ಹಾಗೆ ಹೊಡೆತದ ಮುಖ ಗೋಡೆಯಷ್ಟು ಕಡಿದಾಗುತ್ತದೆ. ಆ ಗೋಡೆ ಬಡಿದಾಗ ಫೆರೈಟಿನೊಳಗಿನ ಕಾಂತತೆ ಬುಗುರಿ ತೂಗಾಡಿದ ಹಾಗೆ ತೂಗಾಡುತ್ತದೆ, ಸೆಕೆಂಡಿಗೆ ನೂರಾರು ಕೋಟಿ ಸಲ. ಆ ತೂಗಾಟದಿಂದಲೇ ಮೈಕ್ರೋವೇವ್ ಹೊರಡುತ್ತದೆ. ಈ ತೂಗಾಟದ ಸಮೀಕರಣವನ್ನು ಸೋವಿಯತ್ ಭೌತವಿಜ್ಞಾನಿಗಳಾದ ಲ್ಯಾಂಡೌ ಮತ್ತು ಲಿಫ್ಶಿಟ್ಸ್ 1935ರಲ್ಲೇ ಬರೆದಿಟ್ಟಿದ್ದರು. ರಷ್ಯಾದ ಟೋಮ್ಸ್ಕ್‌ನಲ್ಲಿ ಇಂಥ ಕೇಬಲ್ ಲೈನುಗಳಿಂದ ನೂರಾರು ಮೆಗಾವ್ಯಾಟ್ ತೆಗೆದಿದ್ದಾರೆ.

ಮೆಗಾವ್ಯಾಟ್ ಅಂದ ಕೂಡಲೇ ಕಾಕಾ ತಲೆ ಎತ್ತಿದರು. "ಅಂದ್ರ ಒಂದ ಸಲಕ್ಕ ಎಷ್ಟ ಚಾ ಕಾಸಬಹುದು?" ತಮ್ಮ ಅಲ್ಲೇ ಲೆಕ್ಕ ಹಾಕಿದ. 100 ಮೆಗಾವ್ಯಾಟ್, ಐದು ನ್ಯಾನೋಸೆಕೆಂಡ್, ಒಟ್ಟು ಅರ್ಧ ಜೂಲ್. ನಮ್ಮ ಓವನ್ ಸರಿ ಇದ್ದರೆ ಅಷ್ಟನ್ನು ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಕೊಟ್ಟು ಮುಗಿಸುತ್ತದೆ. ಒಂದು ಗುಟುಕು ಚಹಾ ಕೂಡ ಬಿಸಿಯಾಗಲ್ಲ. ಆ ಯಂತ್ರ ಇರೋದು ಅಡುಗೆಗಲ್ಲ, ದೂರದ ಡ್ರೋನಿನ ಎಲೆಕ್ಟ್ರಾನಿಕ್ಸ್ ಕೆಡಿಸೋದು, ಅಂಥ ಮಿಲಿಟರಿ ಕೆಲಸಕ್ಕೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ಯೂಬೂ ಇಲ್ಲ, ಫಿಲಮೆಂಟೂ ಇಲ್ಲ ಅಂದ್ರ ಸುಡೂದೇನು ಉಳೀತೋ ತಮ್ಮಾ? ಸುಡಲಿಲ್ಲ ಅಂದ್ರ ನಮ್ಮ ಹೊಟ್ಟೀಪಾಡು?" ಅಂದರು.

ಆದರೆ ಮಾತು ಅಲ್ಲಿಗೇ ಬಿಡಲಿಲ್ಲ. ಮ್ಯಾಗ್ನೆಟ್ರಾನಿನ ಕೆಳಗಿನ ತಗಡಿನ ಪೆಟ್ಟಿಗೆ ತೆಗೆದು, ಅದರೊಳಗೆ ತಂತಿ ಸುತ್ತಿದ ಎರಡು ಬೂದು ಕಡ್ಡಿ ತೋರಿಸಿದರು. ಅವೂ ಫೆರೈಟೇ, ಮೈಕ್ರೋವೇವ್ ಹಿಂದಕ್ಕೆ ವೈರಿನಲ್ಲಿ ಹರಿಯದಂತೆ ತಡೆಯೋಕೆ. ಪಾನಾ ಮುಟ್ಟಿಸಿದರು, ಏನೂ ಹಿಡಿಯಲಿಲ್ಲ. "ಮ್ಯಾಲಿಂದು ಹಿಡದದ್ದು ಬಿಡಂಗಿಲ್ಲ. ಇದು ಹಿಡದಂಗ ಮಾಡಿ ಬಿಟ್ಟಬಿಡತೈತಿ. ನೀ ಹೇಳೂದು ಈ ಜಾತೀದಲ್ಲ?" ಹೌದು, ಸರಿಯಾಗಿ ಅದೇ. ತಮ್ಮನ ಲೈನಿಗೆ ಬೇಕಾದ್ದು ನಿಕ್ಕೆಲ್-ಸತುವಿನ ಮೃದು ಫೆರೈಟ್, ಬೇಗ ತಿರುಗುವ ಜಾತಿ. ಓವನ್ನಿಗೆ ಬೇಕಾದ್ದು ಹಠಮಾರಿ ಜಾತಿ. ನಾನು ಒಂದು ಪೀರಿಯಡ್ ಪೂರ್ತಿ ತಗೊಂಡು ಹೇಳುವ ಪಾಠವನ್ನು ಆ ಮನುಷ್ಯ ಎರಡು ವಾಕ್ಯದಲ್ಲಿ ಮುಗಿಸಿಬಿಟ್ಟರು, ಹೊಟ್ಟೆಕಿಚ್ಚಾಯಿತು.

ತಿರುಗಿ ಜೋಡಿಸಿದ ಮೇಲೆ ಅಲ್ಲೇ ನೀರಿಟ್ಟು ನೋಡಿದೆವು. ಥರ್ಮಾಮೀಟರ್ ನಾನೇ ಚೀಲದಲ್ಲಿ ತಂದಿದ್ದೆ. 27ರಿಂದ 37.5. ಹತ್ತೂವರೆ ಡಿಗ್ರಿ, ಅಂದರೆ 735 ವ್ಯಾಟ್. ಸದ್ದೂ ಮೊದಲಿನ ಸಣ್ಣ ಗುಂಯ್. ಐದು ತಿಂಗಳಾಯಿತು, ಹೋದ ವಾರ ಮತ್ತೆ ನೋಡಿದೆ, ಹತ್ತು ಡಿಗ್ರಿ ಇದೆ. ಒಂದು ಮಾತು: ಬಿಡದೆ ಹದಿನೈದು ನಿಮಿಷ ಓಡಿಸಿ ಆಮೇಲೆ ಪರೀಕ್ಷೆ ಮಾಡಬೇಡಿ. ಫೆರೈಟ್ ಒಂದೊಂದು ಡಿಗ್ರಿ ಕಾದಂತೆ ನೂರಕ್ಕೆ ಸುಮಾರು 0.2ರಷ್ಟು ಬಲ ಕಳೆದುಕೊಳ್ಳುತ್ತದೆ, ಆರಿದ ಮೇಲೆ ತಿರುಗಿ ಬರುತ್ತದೆ. ಅದಕ್ಕೇ ಹಿಂದಿನ ಗಾಳಿ ಕಿಂಡಿ ಮುಚ್ಚಿ ಗೋಡೆಗೆ ಒತ್ತಿ ಇಡಬಾರದು. ನಮ್ಮ ಕಿಂಡಿಯಲ್ಲಿ ಧೂಳಿನ ಜೊತೆ ನಾಲ್ಕು ಜಿರಳೆ ಸಂಸಾರ ಹೂಡಿದ್ದವು, ಕಾಕಾನ ಹುಡುಗ ಬ್ರಶ್ ಹಾಕಿ ತೆಗೆದ.

ಇನ್ನು ತಕರಾರು. ಎಲ್ಲ ಮುಗಿದ ಮೇಲೆ ಕಾಕಾ ತಮ್ಮದೇ ಫೋನನ್ನು ಓವನ್ನಿನೊಳಗೆ ಇಟ್ಟು, ಬಾಗಿಲು ಹಾಕಿ, ಹುಡುಗನಿಂದ ಕಾಲ್ ಮಾಡಿಸಿದರು. ಓವನ್ ಆಫ್ ಇತ್ತು, ಗಾಬರಿ ಬೇಡ. ರಿಂಗ್ ಆಗದಿದ್ದರೆ ಸೋರಿಕೆ ಇಲ್ಲ ಅಂತ ಅವರ ಲೆಕ್ಕ. ಫೋನ್ ರಿಂಗ್ ಆಯಿತು! ಪಕ್ಕದಲ್ಲಿ ಮಿಕ್ಸರ್ ಇಟ್ಟುಕೊಂಡು ನಿಂತಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದರು. ಈ ಪರೀಕ್ಷೆಗೆ ಅರ್ಥ ಇಲ್ಲ. ಬಾಗಿಲ ಅಂಚಿನ ತಡೆ ಇರೋದು 2,450 ಮೆಗಾಹರ್ಟ್ಸಿಗೆ ಅಂತ ಲೆಕ್ಕ ಹಾಕಿ ಮಾಡಿದ್ದು, ಫೋನ್ ಮಾತಾಡೋದು ಬೇರೆ ಅಲೆಯಲ್ಲಿ, ಮೇಲಾಗಿ ಫೋನಿಗೆ ಸಿಗ್ನಲ್ ಇಷ್ಟೇ ಇಷ್ಟು ಸಾಕು. ರಿಂಗ್ ಆದರೆ ಸೋರುತ್ತದೆ ಅಂತಲೂ ಅಲ್ಲ, ಆಗದಿದ್ದರೆ ಸುರಕ್ಷಿತ ಅಂತಲೂ ಅಲ್ಲ. ಇದಕ್ಕೆ ಲೀಕೇಜ್ ಮೀಟರ್ ಬೇಕು. ಬಾಗಿಲಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ದಾಟಬಾರದು ಅಂತ ನಿಯಮ. ಮ್ಯಾಗ್ನೆಟ್ರಾನ್ ಬಿಚ್ಚಿ ಹಾಕುವ ಅಂಗಡಿಯಲ್ಲಿ ಅದು ಇರಲೇಬೇಕು, ಇಲ್ಲಿಲ್ಲ. ನಾನು ಹೇಳಿದೆ, ಕಾಕಾ ನಕ್ಕರು. ತಮ್ಮ ಆಮೇಲೆ ಕಾಲೇಜಿನ ಮೀಟರ್ ತಂದು ಮನೆಯಲ್ಲಿ ನೋಡಿದ, 1ಕ್ಕಿಂತ ಕಡಿಮೆ ಬಂತು. ಆದರೆ ಎಲ್ಲರ ಮನೆಯಲ್ಲೂ ಅಂಥ ತಮ್ಮ ಇರಲ್ಲ ಅಲ್ವಾ? ಒಂದು ಸ್ಟಾರ್ ಅದಕ್ಕೇ ಕಟ್.

ರೇಟು: ಕಲ್ಲು ಬದಲಿಸಿದ್ದು 350, ಸುಟ್ಟು ಕರಕಲಾಗಿದ್ದ ಅಭ್ರಕದ ಹಾಳೆ ಹೊಸದು ಮತ್ತು ಕ್ಲೀನಿಂಗ್ ಸೇರಿ 150. ಒಟ್ಟು 500. ಫೋನ್‌ಪೇ ನಡೆಯುತ್ತದೆ. ಬಿಲ್ ಕೊಡಲ್ಲ, ಒತ್ತಾಯ ಮಾಡಿದರೆ ಚೀಟಿಯ ಮೇಲೆ ಬರೆದುಕೊಡುತ್ತಾರೆ. ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ. ಮಧ್ಯಾಹ್ನ ಎರಡರಿಂದ ನಾಲ್ಕು ಊಟ, ನಿದ್ದೆ, ಫೋನ್ ಎತ್ತಲ್ಲ. ಭಾನುವಾರ ರಜೆ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಆಟೋದಲ್ಲಿ ಹೋಗೋದು ವಾಸಿ, ಓವನ್ನನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಹಳೇ ಪಾರ್ಟ್ ಕೇಳಿ ತಗೊಳ್ಳಿ, ಕೊಡುತ್ತಾರೆ. ಇನ್ವರ್ಟರ್ ಓವನ್ ಇದ್ದವರು ಮೊದಲೇ ಕೇಳಿಕೊಂಡು ಹೋಗಿ, ಆ ಬೋರ್ಡಿನ ಕೆಲಸ ತಾನು ಮುಟ್ಟಲ್ಲ ಅಂತ ಅವರೇ ಹೇಳಿದರು.

ಒಳಗಿನ ದೀಪ ಹೋಗಿ ಹದಿನೈದು ದಿನ ಆಯಿತು. ಅದಕ್ಕೂ ಕವರ್ ಪೂರ್ತಿ ಬಿಚ್ಚಬೇಕಂತೆ. ತಮ್ಮನಿಗೆ ಹೇಳಿದ್ದೇನೆ, ಇನ್ನೊಮ್ಮೆ ಹೊರೋಕೆ ಅವನು ಇನ್ನೂ ಒಪ್ಪಿಲ್ಲ.